ಮಿಲ್ಟ್ರಿ ತಾತನ ಪಿಂಚಣಿ ಅಜ್ಜಿಗೆ ಬರ್ಬೇಕಂದ್ರೆ ಮೊದಲು ಟ್ರಂಕ್ ತೆಗೀರಿ

ನಮ್ಮ ತಾತ ಎಂಇಜಿ, ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪು, ಬೆಂಗಳೂರಲ್ಲಿ ಹಲಸೂರು ಕೆರೆ ಹತ್ರ ಇದೆಯಲ್ಲ ಅದೇ. 1964ರಲ್ಲಿ ಸೇರಿ, 1971ರ ಯುದ್ಧದಲ್ಲಿ ಪಶ್ಚಿಮದ ಗಡೀಲಿ ಮೈನ್ ತೆಗೆಯೋ ಕೆಲಸ ಮಾಡಿ, 1984ರಲ್ಲಿ ಹವಾಲ್ದಾರ್ ಆಗಿ ಊರಿಗೆ ವಾಪಸ್ ಬಂದೋರು. 2022ರಲ್ಲಿ ತೀರ್ಕೊಂಡ್ರು. ಅಜ್ಜಿ ಅಕೌಂಟಿಗೆ ಫ್ಯಾಮಿಲಿ ಪೆನ್ಶನ್ ಮೊದಲ ಸಲ ಬಿದ್ದಿದ್ದು ಅದಾಗಿ 14 ತಿಂಗಳಿಗೆ. ಕಾರಣ ಏನ್ ಗೊತ್ತಾ, ಮಿಲ್ಟ್ರಿ ರೆಕಾರ್ಡಲ್ಲಿ ಅಜ್ಜಿ ಹೆಸರಿನ ಕೊನೇಲಿ ‘ಬಾಯಿ’ ಅಂತಿತ್ತು, ಆಧಾರ್‌ನಲ್ಲಿ ‘ಅಮ್ಮ’ ಅಂತಿತ್ತು. ತಾತ ಮದುವೆ ಆಗಿ ಯೂನಿಟ್ಟಿಗೆ ವಾಪಸ್ ಹೋದಾಗ ಕ್ಲರ್ಕ್ ಹೆಂಡ್ತಿ ಹೆಸರೇನು ಅಂತ ಕೇಳಿದಾನೆ, ತಾತ ಹೇಳಿದಾರೆ, ಅವನಿಗೆ ಕೇಳಿಸಿದ್ದನ್ನ ಇಂಗ್ಲಿಷಲ್ಲಿ ಟೈಪ್ ಹೊಡೆದಿದಾನೆ, ಅಷ್ಟೇ. ಐವತ್ತು ವರ್ಷ ಯಾರೂ ಅದನ್ನ ತೆಗೆದು ನೋಡ್ಲಿಲ್ಲ.

ಆ 14 ತಿಂಗಳಲ್ಲಿ ಓಡಾಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ. ಆಮೇಲೆ ಊರಲ್ಲಿ ಇನ್ನೂ ನಾಲ್ಕೈದು ಮನೆಯೋರ ಕಾಗದ ಪತ್ರಾನೂ ನಾನೇ ಮಾಡ್ಕೊಟ್ಟೆ, ಅದೂ ಇದರಲ್ಲಿ ಸೇರಿದೆ. ಆಫೀಸರ್‌ಗಳ ವಿಷಯ ಸ್ವಲ್ಪ ಬೇರೆ, ಇದು ಮುಖ್ಯವಾಗಿ ಸಿಪಾಯಿಂದ ಸುಬೇದಾರ್ ಮೇಜರ್ ತನಕದ ಮನೆಗಳಿಗೆ.

ಮೊದಲು ಒಂದು ತಪ್ಪು ತಿಳುವಳಿಕೆ

ಸುಮಾರು ಮನೆಗಳಲ್ಲಿ "ನಮ್ಮ ತಾತ ಯುದ್ಧ ಮಾಡಿದಾರೆ, ಅದಕ್ಕೆ ಬೇರೆ ಪಿಂಚಣಿ ಬರ್ಬೇಕು" ಅಂತಾರೆ. ಯುದ್ಧಕ್ಕೆ ಹೋಗಿದ್ರು ಅನ್ನೋ ಒಂದೇ ಕಾರಣಕ್ಕೆ ಸೇನೆಯಿಂದ ತಿಂಗಳ ಪಿಂಚಣಿ ಬರಲ್ಲ. ಬರೋದು ಸರ್ವಿಸ್ ಎಷ್ಟು ವರ್ಷ ಮಾಡಿದಾರೆ ಅನ್ನೋದರ ಮೇಲೆ, ಗಾಯ ಅಥವಾ ಅಂಗವೈಕಲ್ಯ ಆಗಿದ್ರೆ ಅದರ ಮೇಲೆ, ಇಲ್ಲಾ ಸಾವು ಹೇಗಾಯ್ತು ಅನ್ನೋದರ ಮೇಲೆ. ಮೆಡಲ್‌ಗಳನ್ನ ಗೋಡೆಗೆ ನೇತು ಹಾಕಿ, ಆದ್ರೆ ಅರ್ಜಿ ಜೊತೆ ಇಡ್ಬೇಕಾದ್ದು ಡಿಸ್ಚಾರ್ಜ್ ಬುಕ್ಕು, ಅಂದ್ರೆ ಸೇನೆ ಬಿಡುವಾಗ ಕೊಟ್ಟ ಸರ್ವಿಸ್ ಪುಸ್ತಕ. ಶೌರ್ಯ ಪದಕ ಬಂದೋರಿಗೆ ಭತ್ಯೆ ಇದೆ, ಅದು ಬೇರೆ ಲೆಕ್ಕ.

ಹೆಜ್ಜೆ 1: ಟ್ರಂಕ್

ಪ್ರತಿ ಮಿಲ್ಟ್ರಿಯೋರ ಮನೇಲೂ ಒಂದು ಕಪ್ಪು ಕಬ್ಬಿಣದ ಟ್ರಂಕ್ ಇದ್ದೇ ಇರತ್ತೆ, ಮೇಲೆ ಬಿಳಿ ಪೇಂಟಲ್ಲಿ ನಂಬರು, ಹೆಸರು. ಆ ನಂಬರ್ ಬರ್ಕೊಳ್ಳಿ, ಅದೇ ಆರ್ಮಿ ನಂಬರು, ಮುಂದೆ ಎಲ್ಲಿ ಹೋದ್ರೂ ಮೊದಲು ಕೇಳೋದೇ ಅದನ್ನ. ಒಳಗೆ ಹುಡುಕಬೇಕಾದ್ದು ಡಿಸ್ಚಾರ್ಜ್ ಬುಕ್ ಮತ್ತೆ ಪಿಪಿಒ, ಅಂದ್ರೆ ಪಿಂಚಣಿ ಮಂಜೂರಾದ ಆದೇಶ. ಹಳೇ ಪಿಪಿಒ ನಂಬರಲ್ಲಿ ಮೊದಲ ಅಕ್ಷರ ನೋಡಿ, ಎಸ್ ಅಂದ್ರೆ ಸರ್ವಿಸ್ ಪೆನ್ಶನ್, ಡಿ ಅಂದ್ರೆ ಡಿಸೆಬಿಲಿಟಿ, ಎಫ್ ಅಂದ್ರೆ ಫ್ಯಾಮಿಲಿ.

ಡಿಸ್ಚಾರ್ಜ್ ಬುಕ್ಕಲ್ಲಿ ನಾಲ್ಕು ವಿಷಯ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ. ಸೇರಿದ ತಾರೀಖು ಮತ್ತೆ ಬಿಟ್ಟ ತಾರೀಖು. ಯಾಕೆ ಬಿಟ್ರು ಅನ್ನೋ ಕಾರಣ, ಅದು ಒಂದೇ ಸಾಲಲ್ಲಿ ಇರತ್ತೆ ಆದ್ರೆ ಇಡೀ ಕೇಸ್ ಅದರ ಮೇಲೇ ನಿಂತಿರತ್ತೆ. ‘ಕಲರ್’ ಸರ್ವಿಸ್ (ಸೇನೇಲಿದ್ದು ಮಾಡಿದ್ದು) ಎಷ್ಟು, ‘ರಿಸರ್ವ್’ (ಊರಿಗೆ ಬಂದ್ಮೇಲೂ ಕರೆದ್ರೆ ಹೋಗ್ಬೇಕಾಗಿದ್ದ ಅವಧಿ) ಎಷ್ಟು. ಕೊನೇದಾಗಿ ಹೆಂಡ್ತಿ ಮಕ್ಕಳ ಹೆಸರು. ಎಲ್ಲಾ ಪುಟಗಳನ್ನೂ, ಖಾಲಿ ಪುಟ ಸಮೇತ, ಮೊಬೈಲಲ್ಲಿ ಫೋಟೋ ತೆಗೆದು ಮನೆಯೋರ ಗ್ರೂಪಿಗೆ ಹಾಕಿಬಿಡಿ. ಗೆದ್ದಲು ಯಾರನ್ನೂ ಕೇಳಿ ಬರಲ್ಲ.

ಬುಕ್ಕೇ ಕಳೆದುಹೋಗಿದ್ರೆ ಪೊಲೀಸ್ ಸ್ಟೇಷನ್ನಲ್ಲಿ ಕಳೆದಿದೆ ಅಂತ ದೂರು ಕೊಟ್ಟು, ಅಫಿಡವಿಟ್ ಮಾಡಿಸಿ, ಸೈನಿಕ ಕಲ್ಯಾಣ ಇಲಾಖೆ ಆಫೀಸ್ ಮೂಲಕ ರೆಕಾರ್ಡ್ ಆಫೀಸಿಗೆ, ಅಂದ್ರೆ ಆಯಾ ರೆಜಿಮೆಂಟಿನೋರ ದಾಖಲೆ ಇಡೋ ಕಚೇರಿಗೆ, ಡೂಪ್ಲಿಕೇಟ್ ಕೇಳಬೇಕು. ಪಿಂಚಣಿ ಇಲ್ದೇ ಬಿಟ್ಟು ಬಂದೋರ ಕಡತಾನ ಸೇನೆಯೋರು 25 ವರ್ಷ ಆದ್ಮೇಲೆ ನಾಶ ಮಾಡ್ತಾರೆ. ಹಾಗಾಗಿ 1968ರಲ್ಲೋ 1975ರಲ್ಲೋ ಬಿಟ್ಟು ಬಂದೋರ ಮನೆಯಾದ್ರೆ ನಿಮ್ಮ ಟ್ರಂಕಲ್ಲಿರೋ ಕಾಗದಾನೇ ನಿಮಗಿರೋ ದೊಡ್ಡ ಸಾಕ್ಷಿ.

ಹೆಜ್ಜೆ 2: ನಿಮ್ಮ ರೆಕಾರ್ಡ್ ಆಫೀಸ್ ಯಾವ್ದು

ತುಂಬಾ ಜನ ಅರ್ಜೀನ ಸೀದಾ ದೆಹಲಿಗೆ, ರಕ್ಷಣಾ ಮಂತ್ರಿಗೆ ಕಳಿಸ್ತಾರೆ. ಅದು ಸುತ್ತಿ ಬಳಸಿ ಕೊನೆಗೆ ರೆಕಾರ್ಡ್ ಆಫೀಸಿಗೇ ಬರತ್ತೆ. ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿ, ಎಂಇಜಿ ಆದ್ರೆ ಬೆಂಗಳೂರು, ಎಎಸ್‌ಸಿ (ಸೇನೆಯ ಸರಬರಾಜು ದಳ) ದಕ್ಷಿಣದ್ದೂ ಬೆಂಗಳೂರೇ. ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸಿಗೆ ಜಬಲ್ಪುರ, ಇಎಂಇ ಅಂದ್ರೆ ವಾಹನ, ಯಂತ್ರ ರಿಪೇರಿ ದಳಕ್ಕೆ ಸಿಕಂದರಾಬಾದ್, ಮೆಡಿಕಲ್ ಕೋರಿಗೆ ಲಕ್ನೋ. ನೇವಿಯೋರದ್ದು ಮುಂಬೈ ಮಾನಖುರ್ದ್‌ನಲ್ಲಿ, ಏರ್‌ಫೋರ್ಸಿಂದು ದೆಹಲಿ ಸುಬ್ರತೋ ಪಾರ್ಕಲ್ಲಿ.

ಊರ ಕಡೆ ಕೈ ಹಿಡಿಯೋದು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸು, ಹಳೇ ಕಾಲದೋರು ಸೈನಿಕ್ ಬೋರ್ಡ್ ಅಂತಾನೇ ಅಂತಾರೆ. ಎಲ್ಲಾ ಜಿಲ್ಲೇಲೂ ಆಫೀಸ್ ಇಲ್ಲ, ಕೆಲವು ಕಡೆ ಪಕ್ಕದ ಜಿಲ್ಲೆಯ ಆಫೀಸೇ ನಿಮ್ಮದನ್ನೂ ನೋಡ್ಕೊಳ್ಳತ್ತೆ, ಹೋಗೋ ಮುಂಚೆ ವಿಚಾರಿಸಿ. ಅಲ್ಲಿ ಕೂತಿರೋರಲ್ಲಿ ಸುಮಾರು ಜನ ಮಾಜಿ ಸೈನಿಕರೇ, ತಾತನ ರೆಜಿಮೆಂಟ್ ಹೆಸರು ಹೇಳಿದ್ರೆ ಮುಖ ಅರಳತ್ತೆ. ಅವರ ಹತ್ರ ಕವರಿಂಗ್ ಲೆಟರ್ ಹಾಕಿಸ್ಕೊಂಡೇ ರೆಕಾರ್ಡ್ ಆಫೀಸಿಗೆ ಕಳಿಸಿ. ನಾವು ನೇರವಾಗಿ ಕಳಿಸಿದ ಎರಡು ಅರ್ಜಿಗೆ ಉತ್ತರಾನೇ ಬರ್ಲಿಲ್ಲ, ಇವರ ಮೂಲಕ ಹೋದ ಮೂರನೇದಕ್ಕೆ ಬಂತು.

ಹೆಜ್ಜೆ 3: ತಾತ ಇರುವಾಗಲೇ ಮಾಡಿ ಮುಗಿಸಬೇಕಾದ್ದು

ಬೇರೆ ಏನು ಬಿಟ್ರೂ ಇದನ್ನ ಬಿಡ್ಬೇಡಿ. ತಾತ ಬದುಕಿದ್ರೆ ಒಂದು ಅರ್ಜಿ, ಒಂದು ಸಹಿ, "ಇವಳೇ ನನ್ನ ಹೆಂಡ್ತಿ" ಅನ್ನೋ ಒಂದು ಅಫಿಡವಿಟ್‌ನಲ್ಲಿ ಆಗೋ ಕೆಲಸಾನ, ಅವರು ಹೋದ್ಮೇಲೆ ಅಜ್ಜಿ ಸಾಬೀತು ಮಾಡ್ಬೇಕು.

ಒಂದು ಮಧ್ಯಾಹ್ನ ಕೂತು ಇಷ್ಟನ್ನ ಮಂಚದ ಮೇಲೆ ಸಾಲಾಗಿ ಇಡಿ: ಡಿಸ್ಚಾರ್ಜ್ ಬುಕ್, ಪಿಪಿಒ, ಇಬ್ಬರ ಆಧಾರ್, ಪ್ಯಾನ್, ಪಾಸ್‌ಬುಕ್. ಅಜ್ಜಿ ಹೆಸರನ್ನ ಒಂದೊಂದರಿಂದ ಅಕ್ಷರ ಅಕ್ಷರ ಬಿಡಿಸಿ ಹಾಳೇಲಿ ಬರೀರಿ, ಇಂಗ್ಲಿಷ್ ಸ್ಪೆಲ್ಲಿಂಗೇ ಬರೀರಿ ಯಾಕಂದ್ರೆ ರೆಕಾರ್ಡ್ ಎಲ್ಲಾ ಇಂಗ್ಲಿಷಲ್ಲೇ ಇರೋದು. ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ, ಗಂಡನ ಹೆಸರು ಸೇರ್ಕೊಂಡಿದೆಯಾ, ‘ಅಮ್ಮ’ಗೆ ಎಂ ಒಂದಾ ಎರಡಾ. ನಗಬೇಡಿ, ಕಂಪ್ಯೂಟರ್‌ಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು.

ಸಣ್ಣ ವ್ಯತ್ಯಾಸ ಇದ್ರೆ ತಾತನ ಕೈಯಲ್ಲೇ ರೆಕಾರ್ಡ್ ಆಫೀಸಿಗೆ ತಿದ್ದುಪಡಿ ಅರ್ಜಿ ಬರೆಸಿ, ಅಫಿಡವಿಟ್, ಇಬ್ಬರ ಆಧಾರ್, ಪಿಪಿಒ ಮತ್ತೆ ಡಿಸ್ಚಾರ್ಜ್ ಬುಕ್ ಪ್ರತಿ, ಜಾಯಿಂಟ್ ಫೋಟೋ ಜೊತೆ ಕಳಿಸಿ. ಮದುವೆ, ಮಕ್ಕಳು ಹುಟ್ಟಿದ್ದು ಇದೆಲ್ಲಾ ಸರ್ವಿಸಲ್ಲಿದ್ದಾಗ ಪಾರ್ಟ್ ಟು ಆರ್ಡರ್ ಅನ್ನೋದರಲ್ಲಿ ಪ್ರಕಟ ಆಗಿರತ್ತೆ, ಆ ಆರ್ಡರ್ ನಂಬರ್ ಎಲ್ಲಾದ್ರೂ ಸಿಕ್ಕಿದ್ರೆ ಅರ್ಜೀಲಿ ಬರೀರಿ, ಅವರಿಗೆ ಹುಡುಕೋದು ಸುಲಭ ಆಗತ್ತೆ.

ಅಜ್ಜಿ ಹುಟ್ಟಿದ ದಿನಾನೂ ನೋಡಿ. ಇದನ್ನ ಯಾರೂ ಹೇಳಲ್ಲ. 80 ವರ್ಷ ತುಂಬಿದ ಪಿಂಚಣಿದಾರರಿಗೆ ಬೇಸಿಕ್ ಪಿಂಚಣಿ ಮೇಲೆ 20 ಪರ್ಸೆಂಟ್ ಹೆಚ್ಚು ಸಿಗತ್ತೆ, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದ್ರೆ 100 ಪರ್ಸೆಂಟ್. ಫ್ಯಾಮಿಲಿ ಪೆನ್ಶನ್ ತಗೊಳ್ಳೋ ಅಜ್ಜಿಯರಿಗೂ ಇದು ಇದೆ. ನಮ್ಮಜ್ಜಿ ಹುಟ್ಟಿದ್ದು 1950, ಆಧಾರ್ ಮಾಡಿಸುವಾಗ ಕೂತಿದ್ದ ಹುಡುಗ ಮುಖ ನೋಡಿ ಅಂದಾಜಿಗೆ 1955ರ ಜನವರಿ 1 ಅಂತ ಹೊಡೆದಿದ್ದ. ಹಾಗೇ ಬಿಟ್ಟಿದ್ರೆ 2030ಕ್ಕೆ ಬರ್ಬೇಕಾದ್ದು 2035ಕ್ಕೆ ಬರ್ತಿತ್ತು, ಐದು ವರ್ಷದ 20 ಪರ್ಸೆಂಟ್ ಹೋಗ್ತಿತ್ತು. ಪುಣ್ಯಕ್ಕೆ ಅಜ್ಜಿ ಮೂರನೇ ಕ್ಲಾಸ್ ತನಕ ಓದಿದ್ರು, ಸ್ಕೂಲಿನ ಹಳೇ ದಾಖಲಾತಿ ರಿಜಿಸ್ಟರಲ್ಲಿ ತಾರೀಖು ಸಿಕ್ತು.

ಬ್ಯಾಂಕ್ ಅಕೌಂಟನ್ನ ಇಬ್ಬರ ಹೆಸರಲ್ಲಿ ಜಾಯಿಂಟ್ ಮಾಡಿಸಿ, ಯಾರಾದರೂ ಒಬ್ಬರು ಅಥವಾ ಬದುಕಿರೋರು ನಡೆಸಬಹುದು ಅನ್ನೋ ಷರತ್ತಿನ ಮೇಲೆ. ಫ್ಯಾಮಿಲಿ ಪೆನ್ಶನ್ ಅದೇ ಅಕೌಂಟಿಗೆ ಬರಬಹುದು, ಹೊಸದು ತೆಗೀಬೇಕು ಅಂತಿಲ್ಲ.

ಮನೇಲಿ ಅಂಗವಿಕಲ ಮಗನೋ ಮಗಳೋ ಇದ್ರೆ ಮೆಡಿಕಲ್ ಸರ್ಟಿಫಿಕೇಟ್ ಸಮೇತ ಅವರ ಹೆಸರನ್ನೂ ತಾತ ಅಜ್ಜಿ ಇರುವಾಗಲೇ ದಾಖಲು ಮಾಡಿಸಿ. ದುಡಿಯಕ್ಕೆ ಆಗದಿರೋ ಅಂಥ ಮಕ್ಕಳಿಗೆ ತಂದೆ ತಾಯಿ ನಂತರ ಜೀವನಪೂರ್ತಿ ಫ್ಯಾಮಿಲಿ ಪೆನ್ಶನ್ ಬರತ್ತೆ.

ಹೆಜ್ಜೆ 4: ಸ್ಪರ್ಶ್ ಮತ್ತು ನವೆಂಬರ್

ಮೊದಲು ಪಿಂಚಣಿ ಬ್ಯಾಂಕಿಂದ ಬರ್ತಿತ್ತು, ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಿಂದ ನೇರ ಬರತ್ತೆ, ನಡೆಸೋದು ಪ್ರಯಾಗ್‌ರಾಜ್‌ನಲ್ಲಿರೋ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿ, ಪಿಸಿಡಿಎ ಪೆನ್ಶನ್ಸ್ ಅಂತಾರೆ. ಹೊಸ ಪಿಪಿಒ ನಂಬರ್ 12 ಅಂಕಿದು. ಲಾಗಿನ್ ವಿವರ ತಾತನ ಮೊಬೈಲಿಗೆ ಮೆಸೇಜ್ ಬಂದಿರತ್ತೆ, ಆ ನಂಬರ್ ನಾಲ್ಕು ವರ್ಷದ ಹಿಂದೆ ಬಿಟ್ಟ ಸಿಮ್ಮಿಂದಾಗಿದ್ರೆ ಮೊದಲು ಅದನ್ನ ಬದಲಾಯಿಸಿ. ಒಳಗೆ ಹೋದ್ಮೇಲೆ ಪ್ರೊಫೈಲಲ್ಲಿ ಅಜ್ಜಿ ಹೆಸರು, ಹುಟ್ಟಿದ ದಿನ, ಆಧಾರ್, ಪ್ಯಾನ್ ಸರಿ ಇದೆಯಾ ನೋಡಿ, ತಪ್ಪಿದ್ರೆ ಅಲ್ಲಿಂದಾನೂ ತಿದ್ದುಪಡಿ ಕೇಳಬಹುದು.

ಜೀವಂತ ಪ್ರಮಾಣಪತ್ರ ಪ್ರತಿ ನವೆಂಬರಲ್ಲಿ, 80 ದಾಟಿದೋರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬದುಕೆಲ್ಲಾ ಗುದ್ದಲಿ ಹಿಡಿದ ಕೈಗೆ ಬೆರಳಚ್ಚು ಬರಲ್ಲ. ತಾತನ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ, ಬಿಸಿನೀರಲ್ಲಿ ಅದ್ದಿ, ಹತ್ತೂ ಬೆರಳು ಮುಗಿದ್ಮೇಲೆ ಸೆಂಟರ್ ಹುಡುಗ ಕೈ ಚೆಲ್ಲಿದ್ದ. ಈಗ ಮುಖ ತೋರಿಸಿ ಮಾಡೋ ಜೀವನ್ ಪ್ರಮಾಣ್ ಆ್ಯಪ್ ಇದೆ, ಮನೇಲೇ ಆಗತ್ತೆ, ಕಿಟಕಿ ಎದುರು ಕೂರಿಸಿ, ಕಣ್ಣು ಮಿಟುಕಿಸಿ ಅಂತ ಹೇಳಿ, ಹಿಂದೆ ಯಾರೂ ಓಡಾಡ್ದೇ ಇದ್ರೆ ಎರಡು ನಿಮಿಷ. ಪಿಂಚಣಿ ಕೊಡೋ ಸಂಸ್ಥೆ ಯಾವುದು ಅಂತ ಕೇಳೋ ಕಡೆ ನಿಮ್ಮ ಬ್ಯಾಂಕನ್ನ ಆರಿಸಬೇಡಿ, ಸ್ಪರ್ಶ್ ಅಂತ ಇರೋದನ್ನೇ ಆರಿಸಿ. ಬ್ಯಾಂಕ್ ಆರಿಸಿದ್ರೆ ಸರ್ಟಿಫಿಕೇಟ್ ತಲುಪಬೇಕಾದ ಕಡೆ ತಲುಪಲ್ಲ, ಪಿಂಚಣಿ ನಿಂತಾಗಲೇ ಗೊತ್ತಾಗೋದು. ನಿಂತ್ರೂ ಗಾಬರಿ ಬೇಡ, ಸರಿಯಾಗಿ ಕೊಟ್ಮೇಲೆ ಬಾಕಿ ಸೇರಿಸಿ ಹಾಕ್ತಾರೆ. ಅದೇ ಫಾರಮಲ್ಲಿ ಮರುಮದುವೆ ಆಗಿದೆಯಾ ಅಂತಾನೂ ಕೇಳತ್ತೆ. 72 ವರ್ಷದ ಅಜ್ಜಿಗೆ ಓದಿ ಹೇಳಿದ್ದಕ್ಕೆ "ಗಂಡು ನೋಡಿದೀಯೇನೋ ಮಗಾ" ಅಂದ್ರು. ನಗ್ತಾ ನಗ್ತಾ ತಪ್ಪು ಕಡೆ ಒತ್ತಿಬಿಡಬೇಡಿ ಅಷ್ಟೇ.

ಹೆಜ್ಜೆ 5: ತಾತ ತೀರ್ಕೊಂಡಾಗ

ದುಃಖದ ಮನೇಲಿ ಇದೆಲ್ಲಾ ಹೇಳೋದು ಕಷ್ಟ, ಆದ್ರೂ ಯಾರಾದ್ರೂ ಒಬ್ಬರು ವಹಿಸ್ಕೊಳ್ಳಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ನೋಂದಾಯಿಸುವಾಗ ತಾತನ ಹೆಸರನ್ನ ಪಿಪಿಒಲಿ ಇರೋ ಹಾಗೇ ಬರೆಸಿ, ಊರಲ್ಲಿ ಕರೀತಿದ್ದ ಹೆಸರು, ಮನೆತನದ ಹೆಸರು ಯಾವ್ದೂ ಬೇಡ. ಅಜ್ಜಿ ಹೆಸರೂ ಹಾಗೇ.

ಎಟಿಎಂ ಕಾರ್ಡನ್ನ ಎತ್ತಿಡಿ. ಪಿಂಚಣಿ ಸಾವಿನ ದಿನದ ತನಕ ತಾತಂದು, ಮಾರನೇ ದಿನದಿಂದ ಅಜ್ಜಿಯ ಫ್ಯಾಮಿಲಿ ಪೆನ್ಶನ್ ಲೆಕ್ಕ. ನಮ್ಮೂರ ಒಂದು ಮನೇಲಿ ಮಗ ಅಪ್ಪನ ಸಾವಿನ ವಿಷಯ ತಿಳಿಸದೆ ಐದು ತಿಂಗಳು ಪೂರ್ತಿ ಪಿಂಚಣಿ ಡ್ರಾ ಮಾಡಿದ. ಆಮೇಲೆ ಅದನ್ನ ತಾಯಿ ಪಿಂಚಣೀಲಿ ತಿಂಗಳು ತಿಂಗಳು ಹಿಡ್ಕೊಂಡ್ರು.

ಸ್ಪರ್ಶ್‌ನಲ್ಲಿ ಮರಣದ ಮಾಹಿತಿ ಹಾಕಿ, ಮರಣ ಪತ್ರ ಅಪ್‌ಲೋಡ್ ಮಾಡಿ, ಅಜ್ಜಿಯ ಆಧಾರ್, ಪ್ಯಾನ್, ಪಾಸ್‌ಬುಕ್, ಫೋಟೋ ಕೊಡಿ. ಮನೇಲಿ ಆಗಲ್ಲ ಅಂದ್ರೆ ಕಾಮನ್ ಸರ್ವಿಸ್ ಸೆಂಟರಲ್ಲಿ, ಇಲ್ಲಾ ಸ್ಪರ್ಶ್ ಸೇವಾ ಕೇಂದ್ರ ಇರೋ ಬ್ಯಾಂಕಲ್ಲಿ ಮಾಡಿಸಿ. ಅಜ್ಜಿ ಹೆಸರು ಪಿಪಿಒಲಿ ಇದ್ದು ಎಲ್ಲಾ ತಾಳೆ ಆದ್ರೆ ಕೆಲಸ ಬೇಗ ಮುಗಿಯತ್ತೆ. ತಾಳೆ ಆಗ್ಲಿಲ್ಲ ಅಂದ್ರೆ ನಮ್ಮ ಕಥೆ: ಅಫಿಡವಿಟ್, ಎರಡೂ ಹೆಸರಿನೋರು ಒಬ್ಬರೇ ಅಂತ ತಹಶೀಲ್ದಾರ್ ಪತ್ರ, ಸೈನಿಕ ಕಲ್ಯಾಣ ಆಫೀಸಿನ ಪರಿಶೀಲನೆ, ಅಲ್ಲಿಂದ ರೆಕಾರ್ಡ್ ಆಫೀಸು, ಅಲ್ಲಿಂದ ಪ್ರಯಾಗ್‌ರಾಜು.

ಎಷ್ಟು ಬರತ್ತೆ

ಪೂರ್ತಿ ಪಿಂಚಣಿ ಅಜ್ಜಿಗೆ ಬರತ್ತೆ ಅಂತ ಲೆಕ್ಕ ಹಾಕ್ಬೇಡಿ. ಪಿಂಚಣಿ ಅಂದ್ರೆ ಕೊನೇ ಸಂಬಳದ 50 ಪರ್ಸೆಂಟ್, ಸಾಮಾನ್ಯ ಫ್ಯಾಮಿಲಿ ಪೆನ್ಶನ್ 30 ಪರ್ಸೆಂಟ್. ಅಂದ್ರೆ ತಾತನ ಬೇಸಿಕ್ 20,000 ಇದ್ರೆ ಅಜ್ಜಿಗೆ ಹೆಚ್ಚುಕಮ್ಮಿ 12,000, ಅದರ ಮೇಲೆ ತುಟ್ಟಿಭತ್ಯೆ. ಯಾರಿಗೂ ಬೇಸಿಕ್ 9,000ಕ್ಕಿಂತ ಕಮ್ಮಿ ಇರಂಗಿಲ್ಲ. ನಿವೃತ್ತಿ ಆಗಿ ಬೇಗ ತೀರ್ಕೊಂಡ್ರೆ ಏಳು ವರ್ಷ ಅಥವಾ ತೀರ್ಕೊಂಡೋರು ಬದುಕಿದ್ರೆ 67 ತುಂಬ್ತಿದ್ದ ದಿನದ ತನಕ, ಯಾವ್ದು ಮೊದಲೋ ಅಲ್ಲೀವರೆಗೆ, 50 ಪರ್ಸೆಂಟ್ ಲೆಕ್ಕದಲ್ಲಿ ಬರತ್ತೆ. ವಯಸ್ಸಾದೋರ ಮನೇಲಿ ಇದು ಅನ್ವಯ ಆಗಲ್ಲ.

ಸರ್ವಿಸಿಂದಲೇ ಬಂದ ಕಾಯಿಲೆ ಅಥವಾ ಗಾಯದಿಂದ ತೀರ್ಕೊಂಡಿದ್ರೆ ಸ್ಪೆಷಲ್ ಫ್ಯಾಮಿಲಿ ಪೆನ್ಶನ್, 60 ಪರ್ಸೆಂಟ್. ಯುದ್ಧದಲ್ಲಿ ಮಡಿದೋರ ಮನೆಗೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಶನ್, ಅದು ಕೊನೇ ಸಂಬಳದಷ್ಟೇ. ತಾತಂಗೆ ಡಿಸೆಬಿಲಿಟಿ ಪೆನ್ಶನ್ ಬರ್ತಿದ್ದು ಅದೇ ಕಾಯಿಲೆಯಿಂದ ಹೋಗಿದ್ರೆ, ಸುಮ್ನೆ ಸಾಮಾನ್ಯದ್ದಕ್ಕೆ ಸಹಿ ಹಾಕಿ ಬಿಡ್ಬೇಡಿ, ಆಸ್ಪತ್ರೆ ಕಾಗದ ಇಟ್ಟು ಸ್ಪೆಷಲ್ ಕೇಳಿ.

ಒನ್ ರ್‍ಯಾಂಕ್ ಒನ್ ಪೆನ್ಶನ್ (ಒಂದೇ ದರ್ಜೇಲಿ ಅಷ್ಟೇ ವರ್ಷ ಸರ್ವಿಸ್ ಮಾಡಿದೋರಿಗೆ, ಯಾವಾಗ ನಿವೃತ್ತಿ ಆಗಿದ್ರೂ ಒಂದೇ ಪಿಂಚಣಿ) 2014ರ ಜುಲೈ 1ರಿಂದ ಲೆಕ್ಕ, 2019 ಮತ್ತೆ 2024ರ ಜುಲೈಯಿಂದ ಪರಿಷ್ಕರಣೆ ಆಗಿದೆ, ಫ್ಯಾಮಿಲಿ ಪೆನ್ಶನ್‌ಗೂ ಸೇರತ್ತೆ. ರ್‍ಯಾಂಕು, ಗ್ರೂಪು (ಮಾಡಿದ ಕೆಲಸದ ವರ್ಗ), ಸರ್ವಿಸ್ ವರ್ಷ ಮೂರನ್ನ ಇಟ್ಕೊಂಡು ಪಟ್ಟೀಲಿ ನೋಡಿದ್ರೆ ನಿಮ್ಮ ಅಂಕಿ ಸಿಗತ್ತೆ. ಹಣದ ಜೊತೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡನ್ನೂ ಅಜ್ಜಿ ಹೆಸರಿಗೆ ಮಾಡಿಸಿ, 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದೋರಿಗೆ ವಂತಿಗೆ ಇಲ್ಲ.

ಅಜ್ಜಿ ನಂತರ ಯಾರಿಗೆ ಅಂದ್ರೆ, 25 ದಾಟಿದ ಗಂಡುಮಕ್ಕಳು ಮರೆತುಬಿಡಿ. ಮದುವೆ ಆಗದ, ವಿಧವೆಯಾದ, ವಿಚ್ಛೇದನ ಆದ ಮಗಳು ಅವರನ್ನೇ ಅವಲಂಬಿಸಿದ್ರೆ, ಅವಳ ತಿಂಗಳ ಆದಾಯ 9,000 ಮತ್ತೆ ಅದರ ತುಟ್ಟಿಭತ್ಯೆ ಸೇರಿದ ಮೊತ್ತ ದಾಟದಿದ್ರೆ ಕೇಳಬಹುದು.

ಪಿಂಚಣಿಯೇ ಇಲ್ಲದ ತಾತಂದಿರು

ಇವರದ್ದು ನಿಜಕ್ಕೂ ಹೊಟ್ಟೆ ಉರಿಯೋ ವಿಷಯ. 1962ರ ಚೀನಾ ಯುದ್ಧದ ಹೊತ್ತಲ್ಲಿ ಸೇರಿ, 65 ನೋಡಿ, ಕೆಲವರು 71ನ್ನೂ ನೋಡಿ, ಪಿಂಚಣಿಗೆ ವರ್ಷ ಸಾಲದೆ ಬರಿಗೈಲಿ ಬಂದೋರು ಇದಾರೆ. ಸರ್ವಿಸ್ ಪೆನ್ಶನ್‌ಗೆ 15 ವರ್ಷ ಬೇಕು. ಆದ್ರೆ ಕಲರ್ ಸರ್ವಿಸ್ ಮತ್ತೆ ರಿಸರ್ವ್ ಸರ್ವಿಸ್ ಎರಡೂ ಕೂಡಿ 15 ಆಗಿದ್ರೆ ರಿಸರ್ವಿಸ್ಟ್ ಪೆನ್ಶನ್ ಅಂತ ಒಂದಿದೆ. ಅದಕ್ಕೇ ಡಿಸ್ಚಾರ್ಜ್ ಬುಕ್ಕಲ್ಲಿ ಎರಡನ್ನೂ ಗುರುತು ಹಾಕಿ ಅಂದಿದ್ದು. ಸೇನೇಲಿ ಆದ ಗಾಯ ಅಥವಾ ಕಾಯಿಲೆಯಿಂದಾನೇ ಹೊರಗೆ ಹಾಕಿದ್ರೆ ಡಿಸೆಬಿಲಿಟಿ ಪೆನ್ಶನ್‌ಗೆ 15 ವರ್ಷದ ಷರತ್ತಿಲ್ಲ, ಮೆಡಿಕಲ್ ಬೋರ್ಡ್ ಕಾಗದ ಹುಡುಕಿ.

ಯಾವ್ದೂ ಆಗಲ್ಲ ಅಂದ್ರೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯೂರಿ ಗ್ರಾಂಟ್ ಇದೆ. 65 ದಾಟಿದ, ಪಿಂಚಣಿ ಇಲ್ಲದ, ಹವಾಲ್ದಾರ್ ತನಕದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಗೆ. ತಿಂಗಳಿಗೆ 4,000 ಇತ್ತು, 2025ರ ನವೆಂಬರ್ 1ರಿಂದ ಬರೋ ಅರ್ಜಿಗಳಿಗೆ 8,000 ಮಾಡಿದಾರೆ. ಅರ್ಜಿ ಮಂಡಳಿಯ ವೆಬ್‌ಸೈಟಲ್ಲಿ, ಪರಿಶೀಲನೆ ಜಿಲ್ಲೆಯ ಸೈನಿಕ ಕಲ್ಯಾಣ ಆಫೀಸಲ್ಲಿ. ಇದು ಹಕ್ಕಿನ ಪಿಂಚಣಿ ಅಲ್ಲ, ಸಹಾಯಧನ. ಆದ್ರೆ ನಮ್ಮೂರಲ್ಲಿ ಒಬ್ಬ ತಾತ 81ನೇ ವಯಸ್ಸಿಗೆ ಮೊದಲ ಕಂತು ಬಂದಾಗ ಪಾಸ್‌ಬುಕ್ಕನ್ನ ಮೂರು ದಿನ ಅಂಗಿ ಜೇಬಲ್ಲೇ ಇಟ್ಕೊಂಡು ಓಡಾಡಿದ್ರು.

ಆಗಲ್ಲ ಅಂತ ಬರೆದು ಕಳಿಸಿದ್ರೆ

ಬಾಯಲ್ಲಿ ಹೇಳಿದ ‘ಆಗಲ್ಲ’ ಲೆಕ್ಕಕ್ಕಿಲ್ಲ, ಕಾಗದದಲ್ಲಿ ತಗೊಳ್ಳಿ. ಮೇಲ್ಮನವಿಗೆ ಆರು ತಿಂಗಳು ಇರತ್ತೆ. ಉತ್ತರಾನೇ ಕೊಡ್ತಿಲ್ಲ ಅಂದ್ರೆ ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ, ಸರ್ವಿಸ್ ದಾಖಲೆ ಪ್ರತಿ ಕೇಳಿ, 30 ದಿನದಲ್ಲಿ ಏನಾದ್ರೂ ಬರಲೇಬೇಕು. ಅದೂ ಆಗ್ಲಿಲ್ಲ ಅಂದ್ರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರತ್ತೆ. ಅಲ್ಲಿ ಗೆದ್ರೂ ತಡವಾಗಿ ಹೋದೋರಿಗೆ ಹಳೇ ಬಾಕಿ ಸಾಮಾನ್ಯವಾಗಿ ಕೇಸ್ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ, 2008ರಲ್ಲಿ ತರ್ಸೇಮ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ಹಾಗಾಗಿ ಮುಂದಿನ ವರ್ಷ ನೋಡೋಣ ಅಂತ ಬಿಟ್ಟ ಪ್ರತಿ ವರ್ಷಾನೂ ಕೈಯಿಂದ ಹೋಗತ್ತೆ.

ಬಾಕಿ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನೋ ಏಜೆಂಟ್‌ಗಳು ಬರ್ತಾರೆ, ಅರ್ಜಿಗೆ ಎಲ್ಲೂ ಕಮಿಷನ್ ಇಲ್ಲ. ಪ್ರಯಾಗ್‌ರಾಜಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ ಅಂತ ಹಿಂದೀಲಿ ಫೋನ್ ಬರತ್ತೆ, ತಾತಂದಿರು ಹಿಂದಿ ಕೇಳಿದ ತಕ್ಷಣ ‘ಜೀ ಸಾಬ್’ ಅಂದು ಎಲ್ಲಾ ಹೇಳಿಬಿಡ್ತಾರೆ. ಅಜ್ಜಿಯ ಓಟಿಪಿ ಮೆಸೇಜ್‌ಗಳು ಬರೋ ನಂಬರನ್ನ ನಾನಂತೂ ನನ್ನ ಹತ್ರಾನೇ ಇಟ್ಕೊಂಡಿದೀನಿ. ಕಳಿಸಿದ ಪ್ರತಿ ಅರ್ಜಿಯ ಜೆರಾಕ್ಸ್ ಹಿಂದೆ ಸ್ಪೀಡ್ ಪೋಸ್ಟ್ ರಶೀದಿ ಪಿನ್ ಹೊಡೆದು ಅದೇ ಟ್ರಂಕಿಗೆ ಹಾಕಿ, ರಶೀದಿ ಮೇಲಿನ ಇಂಕ್ ಆರೇ ತಿಂಗಳಿಗೆ ಮಾಸಿಹೋಗತ್ತೆ, ಅದಕ್ಕೂ ಒಂದು ಜೆರಾಕ್ಸ್ ತೆಗೆಸಿ.